ಒಂದು ಸೂತ ವಾಲಿದ ಒಡ್ಡು

ಹುಬ್ಬಳ್ಳಿ ಅಂಚಿನ ಗಬ್ಬೂರಿನ ನಮ್ಮ ಶೆಡ್ಡಿನಲ್ಲಿರುವ ಗರಗಸದ ಯಂತ್ರವನ್ನು ಚಾಚಾ ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ‘ತುಸು ಸರೀರಿ’, ‘ಸಾಕ್ರಿ, ಅಲ್ಲೇ ಕುಂದರ್ರಿ’, ‘ಇವತ್ತ ಯಾಕೋ ಸಿಟ್ಟಿನ್ಯಾಗ ಇದ್ದಂಗ ಕಾಣ್ತದಲ್ರಿ’. ಶೆಡ್ಡಿನ ಉಳಿದ ಕೆಲಸಗಾರರಿಗೆ ಮಾತ್ರ ಬಾಯಿ ಬಿಟ್ಟರೆ ಏಕವಚನ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

“ಚಾಚಾ, ಮನಷ್ಯಾರಿಗೆ ಇಲ್ಲದ ಮರ್ಯಾದಿ ಈ ಕಬ್ಬಿಣಕ್ಕ ಯಾಕರಿ?”

“ಮನಷ್ಯಾರಿಗೆ ಬೈದ್ರ ಅವರು ತಿರುಗಿ ಬೈತಾರರಿ ಅಕ್ಕಾರ, ಅಲ್ಲಿಗೆ ಮುಗೀತು. ಇವರು ಬೈಯಂಗಿಲ್ಲ. ಬೆರಳ ತುಗೋತಾರ.”

ಅವರ ಬೆರಳುಗಳೆಲ್ಲ ಕೊನೆಯವರೆಗೂ ನೆಟ್ಟಗಿದ್ದವು. ಅದರ ಬಗ್ಗೆ ಅವರಿಗೆ ವಿಪರೀತ ಜಂಬ. ಹೊಸ ಗಿರಾಕಿ ಬಂದರೆ ಬೇಕೆಂದೇ ಕೈ ಬೀಸಿ ಬೀಸಿ ಮಾತಾಡುವರು, ನೋಡಿಕೊಳ್ಳಲಿ ಎನ್ನುವಂತೆ. ಬೇರೆ ಯಾವುದೋ ಶೆಡ್ಡಿನ ಬಡಿಗನ ಬೆರಳು ಹೋದ ಸುದ್ದಿ ಬಂದರೆ ‘ಪಾಪ’ ಅನ್ನುವರು, ಆದರೆ ಆ ದಿನವಿಡೀ ಅವರ ನಡಿಗೆಯಲ್ಲಿ ಒಂದು ಠೀವಿ ಇರುತ್ತಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹಿಡಿದು ಅವರನ್ನು ಯಾರಾದರೂ ಕರೆದದ್ದನ್ನು ನಾನು ಕೇಳಿದ್ದೇ ಕಡಿಮೆ. ಊರಿಗೆಲ್ಲ ಅವರು ಚಾಚಾ. ಅವರು ತೀರಿಕೊಂಡು ಈಗ ಒಂದು ಮಳೆಗಾಲ ಕಳೆದಿದೆ. ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆದಾಗ ಒಳಗೆ ಯಾರೂ ಯಂತ್ರಕ್ಕೆ ‘ರಿ’ ಹಚ್ಚದೆ ಸುಮ್ಮನೆ ಗುಂಡಿ ಒತ್ತಿ ಕೆಲಸ ಶುರು ಮಾಡುವುದು ನನಗಿನ್ನೂ ರೂಢಿಯಾಗಿಲ್ಲ.

ನಮ್ಮ ಮಾವನವರದು ಹತ್ತಿ ವ್ಯಾಪಾರ. ಕಟ್ಟಿಗೆ ಕೆಲಸ ಅವರ ಹುಚ್ಚು. ಯಾವುದೋ ಮಿಲ್ಲು ಮುಚ್ಚಿದಾಗ ಹರಾಜಿನಲ್ಲಿ ಈ ಯಂತ್ರವನ್ನು ಹಿಡಿದುಕೊಂಡು ಬಂದು, ಬೈಪಾಸಿನ ಹತ್ತಿರ ತಗಡಿನ ಶೆಡ್ಡು ಹಾಕಿ, ಅದನ್ನು ನಡೆಸಲು ಚಾಚಾ ಅವರನ್ನು ಕರೆತಂದರು. ಬಾಗಿಲು, ಚೌಕಟ್ಟು, ಕಪಾಟು, ಮದುವೆಯ ಮಣೆ, ಹೀಗೆ ಬಂದ ಕೆಲಸ. ಮಾವನವರು ಹೋದ ಮೇಲೆ ನಮ್ಮ ಯಜಮಾನರು ಶೆಡ್ಡು ಮಾರಿಬಿಡೋಣ ಅಂದರು. ಅವರಿಗೆ ದೇಶಪಾಂಡೆ ನಗರದ ತಮ್ಮ ಬಟ್ಟೆ ಅಂಗಡಿ ಬಿಟ್ಟರೆ ಬೇರೆ ಕಡೆ ಲಕ್ಷ್ಯವಿಲ್ಲ. ನಾನು ಮಾರಗೊಡಲಿಲ್ಲ. ‘ನಾ ನೋಡ್ಕೋತೇನಿ’ ಅಂದೆ. ಯಾಕೆಂದು ಕೇಳಿದರೆ ಆಗ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಈಗ ಬರುತ್ತದೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಆ ಮನೆಯಲ್ಲಿ ನನಗೆ ಕೆಲಸ ಹೇಳುವವರೇ ಎಲ್ಲರೂ. ಮಾವನವರ ಬುತ್ತಿ ಹಿಡಿದು ಶೆಡ್ಡಿಗೆ ಹೋದ ನನಗೆ, ಮೈಮೇಲಿನ ಹೊಟ್ಟು ಝಾಡಿಸಿಕೊಂಡು, ಸ್ಟೂಲು ಒರೆಸಿ, ‘ಕುಂದರ್ರಿ ಅಕ್ಕಾರ, ಬಿಸಲಾಗ ಬಂದೀರಿ, ಚಾ ಕುಡೀರಿ’ ಎಂದವರು ಚಾಚಾ ಒಬ್ಬರೇ. ವಯಸ್ಸಿನಲ್ಲಿ ನನಗಿಂತ ಎಷ್ಟೋ ದೊಡ್ಡವರು. ಆದರೂ ಕೊನೆಯತನಕ ನಾನು ಅವರಿಗೆ ಅಕ್ಕಾರೇ.

ಯಂತ್ರದ ಬಗ್ಗೆ ಎರಡು ಮಾತು ಹೇಳಬೇಕು. ಅದೊಂದು ಬೀಡುಕಬ್ಬಿಣದ ಮೇಜು. ನಡುವೆ ಸೀಳಿನಿಂದ ದುಂಡು ಗರಗಸ ಮೇಲೆ ಬಂದಿರುತ್ತದೆ. ಅದರ ಪಕ್ಕಕ್ಕೆ ಉದ್ದಕ್ಕೂ ಒಂದು ಕಬ್ಬಿಣದ ಪಟ್ಟಿ. ಹಲಗೆಯನ್ನು ಆ ಪಟ್ಟಿಗೆ ಒತ್ತಿ ಹಿಡಿದು ಮುಂದಕ್ಕೆ ನೂಕಿದರೆ ಸೀಳಿಕೊಂಡು ಹೋಗುತ್ತದೆ. ಪಟ್ಟಿಯನ್ನು ಎಷ್ಟು ದೂರಕ್ಕೆ ಬಿಗಿದರೆ ಸೀಳು ಅಷ್ಟು ಅಗಲ. ಈ ಪಟ್ಟಿಗೆ ಫೆನ್ಸ್ ಅನ್ನುತ್ತಾರಂತೆ. ಯಂತ್ರದ ಬಿಡಿಭಾಗ ಮಾರುವವನೊಬ್ಬ ಬಂದು ‘ಹೊಸಾ ಫೆನ್ಸ್ ಹಾಕ್ಸ್ರಿ’ ಅಂದಾಗ ಚಾಚಾ ಅವನನ್ನು ಮೇಲಿನಿಂದ ಕೆಳಗೆ ನೋಡಿದರು.

“ಫೆನ್ಸ್ ಅಂದ್ರ ಬೇಲಿ ಹೌದಲ್ಲೋ? ಇಲ್ಲಿ ಯಾರ ದನಾ ಮೇಯಾಕ ಬರ್ತಾವ?”

ಅವರ ಬಾಯಲ್ಲಿ ಅದು ಒಡ್ಡು. ಎರಡು ಹೊಲಗಳ ನಡುವೆ ಮಣ್ಣಿನ ಒಡ್ಡು ಇರುತ್ತದಲ್ಲ, ಅದು. ಅವರನ್ನು ಕೇಳಿ ಕೇಳಿ ಶೆಡ್ಡಿನವರೆಲ್ಲ ಒಡ್ಡು ಅನ್ನತೊಡಗಿದರು, ನಾನೂ ಸೇರಿ.

ನಮ್ಮ ಒಡ್ಡಿಗೆ ಒಂದು ರೋಗವಿತ್ತು. ಮುಂದಿನ ತುದಿ ಬಿಗಿದರೆ ಹಿಂದಿನ ತುದಿ ಗರಗಸದ ಕಡೆಗೆ ಒಂದು ಸೂತ ವಾಲುತ್ತಿತ್ತು. ಸೂತ ಅಂದರೆ ನಮ್ಮ ಕಡೆ ಬಡಿಗರ ಅಳತೆ, ಇಂಚಿನ ಎಂಟರಲ್ಲಿ ಒಂದು ಪಾಲು. ಕೇಳಲು ಏನೂ ಅಲ್ಲ. ಆದರೆ ಒಡ್ಡು ಒಂದು ಸೂತ ವಾಲಿದರೆ ಹಲಗೆ ಗರಗಸಕ್ಕೂ ಒಡ್ಡಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಅಂಚು ಸುಟ್ಟು ಕರಿಯಾಗುತ್ತದೆ, ಇಲ್ಲವೇ ಹಲಗೆ ಬಂದ ದಾರಿಯಲ್ಲೇ ಹಿಂದಕ್ಕೆ ಚಿಮ್ಮುತ್ತದೆ. ಹೀಗಾಗಿ ಪ್ರತಿ ಸಲ ಬಿಗಿದ ಮೇಲೆ ಚಾಚಾ ಮೇಜಿನ ಹಿಂದಕ್ಕೆ ಹೋಗಿ, ಒಂದು ಕಣ್ಣು ಮುಚ್ಚಿ, ಅಂಗೈಯಿಂದ ಒಡ್ಡಿನ ತುದಿಯನ್ನು ಮೆಲ್ಲಗೆ ತಟ್ಟುವರು. ‘ತುಸು ಸರೀರಿ’ ಎನ್ನುವುದು ಆಗಲೇ. ಹಾಗೆ ತಟ್ಟಲು ಬೇರೆ ಯಾರಿಗೂ ಬರಲಿಲ್ಲ. ಕಲಿಯಲು ಹೋದವರೆಲ್ಲ ಹಲಗೆ ಸುಟ್ಟುಕೊಂಡರು.

ಚಾಚಾಗೂ ಎಲ್ಲ ಸಲ ಬರುತ್ತಿತ್ತು ಅಂತಲ್ಲ. ಒಮ್ಮೆ ಕಾಳಿನ ವ್ಯಾಪಾರಸ್ಥರೊಬ್ಬರ ಮನೆಯ ಮದುವೆಗೆ ಜೋಡಿ ಮಣೆ ಮಾಡಿಕೊಟ್ಟರು. ಮದುಮಕ್ಕಳು ಕೂರುವ ಮಣೆ, ಎರಡೂ ಒಂದೇ ಅಳತೆ ಇರಬೇಕು. ಅರಿಷಿಣದ ಹಿಂದಿನ ದಿನ ಹುಡುಗಿಯ ಸೋದರತ್ತೆ ಎರಡೂ ಮಣೆಯನ್ನು ಆಟೋದಲ್ಲಿ ಹೇರಿಕೊಂಡು ಬಂದು ನಮ್ಮೆದುರು ಇಳಿಸಿದರು.

“ಹುಡುಗಿ ಮಣಿ ಸಣ್ಣದೈತಿ. ನಮ್ಮ ಹುಡುಗಿ ಏನ್ ಕಡಿಮಿ ಅದಾಳರಿ?”

ಚಾಚಾ ಎರಡನ್ನೂ ಮಗುಚಿ ಇಟ್ಟು ನೋಡಿದರು. ಒಂದು ಸೂತ ಕಡಿಮೆ ಇತ್ತು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಇದು ತಪ್ಪಲ್ರಿ ಬಾಯಾರ, ಬೇಕಂತ ಮಾಡಿದ್ದು. ಮಣಿ ಸಣ್ಣದಿದ್ರ ಹುಡುಗಿ ಹುಡುಗನ ಕಡೆ ಸರದು ಕುಂದರ್ತಾಳ. ಸಂಸಾರ ಛಲೋ ಆಗ್ತದ.”

ನಾನು ತಿರುಗಿ ನಿಂತು ನಗು ನುಂಗಿಕೊಂಡೆ. ಸೋದರತ್ತೆ ನಗಲಿಲ್ಲ.

“ಹಂಗಾದ್ರ ಹುಡುಗನ ಮಣಿ ಸಣ್ಣದ ಮಾಡ್ರಿ. ಅವನ ಸರದು ಕುಂದರ್ಲಿ.”

ಚಾಚಾ ಹುಡುಗನ ಮಣೆಯನ್ನು ಯಂತ್ರಕ್ಕೆ ಕೊಟ್ಟರು. ಎರಡೂ ಸರಿಸಮ ಮಾಡುವುದು ಅವರ ಮನಸ್ಸಿನಲ್ಲಿದ್ದದ್ದು. ಆದರೆ ಒಡ್ಡು ತನ್ನ ಬುದ್ಧಿ ತೋರಿಸಿತು, ಹುಡುಗನ ಮಣೆಯೇ ಒಂದು ಸೂತ ಚಿಕ್ಕದಾಯಿತು. ಸೋದರತ್ತೆ ಅದನ್ನು ಗೇಣು ಹಾಕಿ ಅಳೆದು, ಬಹಳ ಸಮಾಧಾನದಿಂದ ಆಟೋ ಹತ್ತಿದರು. ಆ ಮದುವೆಯ ಊಟಕ್ಕೆ ನಮ್ಮಿಬ್ಬರಿಗೂ ಕರೆ ಬಂದಿತ್ತು. ಚಾಚಾ ಹೋಳಿಗೆಗೆ ತುಪ್ಪ ಸುರಿದುಕೊಳ್ಳುತ್ತ, ಮಂಟಪದ ಕಡೆ ನೋಡಿ, ‘ಹುಡುಗ ಸರದು ಕುಂತಾನ ನೋಡ್ರಿ’ ಎಂದು ನನ್ನನ್ನು ಮೊಣಕೈಯಿಂದ ತಿವಿದರು.

ಬೆಳಗ್ಗೆ ಬರುವಾಗ ಚಾಚಾ ಅವರ ಕಿವಿಯಲ್ಲಿ ಅತ್ತರಿನ ಹತ್ತಿ. ಮಧ್ಯಾಹ್ನದ ಹೊತ್ತಿಗೆ ಅತ್ತರು ಸೋತು ಸಾಗವಾನಿಯ ಹೊಟ್ಟಿನ ವಾಸನೆ ಗೆಲ್ಲುತ್ತಿತ್ತು. ಸಂಜೆ ನಾಲ್ಕಕ್ಕೆ ತಿನ್ನಲು ಚುರುಮುರಿಯ ಗಿರಮಿಟ್ ಮತ್ತು ಮಿರ್ಚಿ ಬೇಕೇ ಬೇಕು. ಧಾರವಾಡದ ಗಿರಾಕಿಗಳೆಂದರೆ ಅವರಿಗೆ ತಮಾಷೆ. ‘ಧಾರವಾಡದವರು ಗ್ವಾಡಿಗೆ ಮೊಳಿ ಹೊಡೀಬೇಕಾದ್ರೂ ಅದಕ್ಕ ಒಳಗ ಬರ್ರಿ ಅಂತಾರ’ ಎಂದು ನಗುವರು. ಕಬ್ಬಿಣಕ್ಕೆ ‘ಕುಂದರ್ರಿ’ ಅನ್ನುವ ಮನುಷ್ಯ ಹೇಳುವ ಮಾತೇ ಇದು ಎಂದು ನಾನು ಕೆಣಕಿದರೆ, ಅದು ಬೇರೆ ಇದು ಬೇರೆ ಎಂದು ವಾದಕ್ಕೆ ನಿಲ್ಲುವರು. ಮಿಲಿಮೀಟರಿನಲ್ಲಿ ಅಳತೆ ಕೊಡುವ ಹೊಸ ಕಾಲದ ಗಿರಾಕಿಗಳೊಡನೆ ಅವರ ಜಗಳ ಮುಗಿಯಲೇ ಇಲ್ಲ. ಎಲ್ಲವನ್ನೂ ಮನಸ್ಸಿನಲ್ಲಿ ಸೂತಕ್ಕೆ ತಿರುಗಿಸಿಕೊಳ್ಳುವರು, ನಡುವೆ ಎಲ್ಲೋ ತಪ್ಪುವರು, ತಪ್ಪಿದ್ದು ಗಿರಾಕಿಯದೇ ಎಂದು ಸಾಧಿಸುವರು. ಬೇರೆ ಯಾರಾದರೂ ಹಾಗೆ ಸಾಧಿಸಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ.

ತಮ್ಮ ಇಬ್ಬರು ಹೆಣ್ಣುಮಕ್ಕಳ ಮದುವೆ ಮುಗಿದ ಮೇಲೆ ಒಂದು ದಿನ ಚಹಾ ಕುಡಿಯುವಾಗ ಅವರು ಮಾತು ತೆಗೆದರು.

“ಒಡ್ಡು ಛಲೋದು ಮಾಡ್ಸ್ರಿ ಅಕ್ಕಾರ. ಅದೊಂದು ಸರಿ ಆತಂದ್ರ ಈ ಮಶೀನ ಯಾರ ಬೇಕಾದ್ರೂ ನಡಸ್ತಾರ. ನಾ ಮನಿಗೆ ಹೋಗ್ತೇನಿ.”

“ಮನ್ಯಾಗ ಏನ್ ಮಾಡ್ತೀರಿ?”

“ಏನೂ ಮಾಡಂಗಿಲ್ಲ. ಸಣ್ಣವ ಇದ್ದಾಗಿಂದ ಹೊತ್ತ ಏರೂದ್ರಾಗ ಹೊರಗ ಬೀಳಾಕತ್ತೇನಿ. ಸೂಟಿ ಇದ್ರ ಮಸೀದಿ, ಸಂತಿ, ಯಾರದರ ಮದಿವಿ. ನಮ್ಮ ಮನಿ ಮಧ್ಯಾಹ್ನ ಹೆಂಗ ಇರ್ತದ ಅನ್ನೂದ ಗೊತ್ತಿಲ್ಲ ನನಗ. ನಮ್ಮಾಕಿ ದಿನಾ ಒಬ್ಬಾಕಿನ ಕುಂತು ಉಣ್ತಾಳ.”

ಅವರು ಅದನ್ನು ದುಃಖದಿಂದ ಹೇಳಲಿಲ್ಲ, ಗಿರಮಿಟ್ಟಿಗೆ ಉಪ್ಪು ಕಡಿಮೆ ಅನ್ನುವ ಹಾಗೆ ಹೇಳಿದರು. ಆದರೆ ಅಂದಿನಿಂದ ಒಡ್ಡು ನನಗೆ ಬರೀ ಒಡ್ಡಾಗಿ ಉಳಿಯಲಿಲ್ಲ. ಅದು ವಾಲಿರುವ ತನಕ ಚಾಚಾ ಇಲ್ಲಿ. ಸರಿಯಾದ ದಿನ ಅವರು ಮನೆಗೆ.

ನಾನು ಸರಿ ಮಾಡಿಸಲಿಲ್ಲ. ಇದನ್ನು ಓದಿ ಯಾರಾದರೂ ನನ್ನನ್ನು ಸ್ವಾರ್ಥಿ ಅಂದರೆ ಅನ್ನಲಿ. ತಪ್ಪು ಅಂತ ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಕೆಲಸ ನಿಂತುಹೋಗುತ್ತದೆ ಎಂಬ ಚಿಂತೆಯೂ ಅಲ್ಲ ಅದು. ಬೇರೆ ಬಡಿಗರು ಸಿಗುತ್ತಿದ್ದರು. ಅವರಿಲ್ಲದ ಶೆಡ್ಡು ನನಗೆ ಬೇಡವಾಗಿತ್ತು, ಅಷ್ಟೇ.

“ಒಡ್ಡು ಏನಾತ್ರಿ ಅಕ್ಕಾರ?” ಎಂದು ಆಗಾಗ ಕೇಳುವರು.

“ಮಳಿಗಾಲ ಮುಗೀಲಿ ಚಾಚಾ.”

“ಒಡ್ಡು ಏನಾತ್ರಿ?”

“ದೀಪಾವಳಿ ಆರ್ಡರ್ ಒಮ್ಮೆ ಹೋಗ್ಲಿ.”

“ಆತ್ರಿ” ಎಂದು ಎದ್ದು ಹೋಗಿ ಯಂತ್ರದ ಹಿಂದೆ ನಿಂತು ಒಂದು ಕಣ್ಣು ಮುಚ್ಚುವರು. ಒಮ್ಮೆಯೂ ಬೇಸರ ಮಾಡಿಕೊಳ್ಳಲಿಲ್ಲ, ಒಮ್ಮೆಯೂ ಒತ್ತಾಯಿಸಲಿಲ್ಲ. ನಮ್ಮ ಯಜಮಾನರೇ ಒಂದು ದಿನ ‘ಒಂದು ಕಬ್ಬಿಣದ ಪಟ್ಟಿಗೆ ಎಷ್ಟ ವರ್ಷ ಬೇಕ ನಿನಗ?’ ಎಂದು ಕೇಳಿದರು. ನಿಮ್ಮ ಅಂಗಡಿಯ ಹಳೇ ಸೀರೆ ಮೊದಲು ಖಾಲಿ ಮಾಡಿ ಎಂದೆ.

ಹೀಗೆ ನಡೆಯುತ್ತಿತ್ತು. ಇನ್ನೂ ನಡೆಯುತ್ತಿತ್ತೇನೋ.

ಒಂದು ಮುಂಜಾನೆ ನಾನು ಶೆಡ್ಡಿನ ಮೂಲೆಯಲ್ಲಿ ಕುಳಿತು ಗಿರಾಕಿಯೊಬ್ಬರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಚಾಚಾ ಮತ್ತಿ ಮರದ ಹಲಗೆ ಸೀಳುತ್ತಿದ್ದರು. ಯಂತ್ರದ ಸದ್ದು ಒಮ್ಮೆಲೇ ಬದಲಾಯಿತು, ಗಂಟಲು ಕಟ್ಟಿದ ಹಾಗೆ. ನಾನು ತಲೆ ಎತ್ತುವಷ್ಟರಲ್ಲಿ ಹಲಗೆ ಹಿಂದಕ್ಕೆ ಚಿಮ್ಮಿ ಚಾಚಾ ಅವರ ಸೊಂಟಕ್ಕೆ ಬಡಿದು ತಗಡಿನ ಗೋಡೆಗೆ ಹೋಗಿ ಬಿತ್ತು. ಅವರು ನಿಂತಲ್ಲೇ ಕೆಳಗೆ ಕುಳಿತರು. ಯಾರೋ ಓಡಿ ಯಂತ್ರ ನಿಲ್ಲಿಸಿದರು. ನಾನು ಹತ್ತಿರ ಹೋದಾಗ ಮುಖ ಬಿಳಿಚಿಕೊಂಡಿತ್ತು. ತಮ್ಮ ಎರಡೂ ಕೈಯನ್ನು ಕಣ್ಣೆದುರು ಹಿಡಿದು ಬೆರಳುಗಳನ್ನು ನೋಡಿಕೊಳ್ಳುತ್ತಿದ್ದರು.

“ಸಿಟ್ಟಿಗೆದ್ರು ನೋಡ್ರಿ” ಎಂದರು ಯಂತ್ರದ ಕಡೆ ತೋರಿಸಿ. ನಗಲು ಹೋದರು, ನೋವಿಗೆ ಆಗಲಿಲ್ಲ.

ಎಲುಬಿಗೆ ಏನೂ ಆಗಿರಲಿಲ್ಲ. ಬಾವು ಇಳಿಯುವವರೆಗೆ ಮನೆಯಲ್ಲಿರಿ ಎಂದು ಡಾಕ್ಟರು ಹೇಳಿದರೂ ಕೇಳದೆ ಬಂದರು. ಬಂದವರು ಒಡ್ಡು ಬಿಗಿದು, ಹಿಂದಕ್ಕೆ ಹೋಗಿ, ಕಣ್ಣು ಮುಚ್ಚಿದರು. ಈ ಸಲ ಬಹಳ ಹೊತ್ತು ನೋಡಿದರು. ತಟ್ಟಿದರು, ಮತ್ತೆ ನೋಡಿದರು, ಮತ್ತೆ ತಟ್ಟಿದರು. ಅವರ ಕಣ್ಣಿಗೆ ಆ ಒಂದು ಸೂತ ಕಾಣುತ್ತಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಎಷ್ಟು ದಿನದಿಂದ ಕಾಣುತ್ತಿಲ್ಲವೋ. ಬರೀ ಅಂಗೈಯ ರೂಢಿಯ ಮೇಲೆ ನಡೆಸಿಕೊಂಡು ಬಂದಿದ್ದರು.

“ಚಾಚಾ, ನಾಳೆ ಬೇಲೂರಿಗೆ ಹೋಗೂಣು. ಒಡ್ಡು ಮಾಡ್ಸೂಣು.”

ಅವರು ಯಂತ್ರದ ಮೇಲಿನ ಹೊಟ್ಟನ್ನು ಕೈಯಿಂದ ಸರಿಸುತ್ತ ನಿಂತರು.

“ಈಗ್ಯಾಕರಿ ಅಕ್ಕಾರ. ಮಳಿಗಾಲ ಮುಗೀಲಿ.”

ನನ್ನ ಮಾತನ್ನು ನನಗೇ ತಿರುಗಿ ಕೊಡುತ್ತಿದ್ದಾರೆ, ನನ್ನ ಮೇಲಿನ ಕನಿಕರದಿಂದ ಹಾಗೆ ಅನ್ನುತ್ತಿದ್ದಾರೆ ಅಂದುಕೊಂಡೆ. ಅದಕ್ಕೇ ಇನ್ನಷ್ಟು ಗಟ್ಟಿಯಾಗಿ, ನಾಳೆ ಹೋಗುವುದೇ ಎಂದೆ.

ಧಾರವಾಡದ ಆಚೆಯ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕಬ್ಬಿಣದ ಕೆಲಸ ಮಾಡುವ ಪರಿಚಯದವರೊಬ್ಬರ ಶೆಡ್ಡಿತ್ತು. ಅಲ್ಲಿಯ ನೆಲದ ಮೇಲೆ ಚಾಚಾ ಸೀಮೆಸುಣ್ಣದಿಂದ ಬರೆದು ತೋರಿಸಿದರು. ಮೇಜಿನ ಮುಂದಿನ ಅಂಚಿಗೆ ಅಡ್ಡಲಾಗಿ ಒಂದು ದಪ್ಪ ಚೌಕ ಕೊಳವೆ. ಅದರ ಮೇಲೆ ಜಾರುವ ಒಂದು ಕಾಟಕೋನದ, ಅಂದರೆ ಕೊಳವೆಗೆ ಲಂಬವಾಗಿ ನಿಲ್ಲುವ, ಪಟ್ಟಿ. ಪಟ್ಟಿಗೆ ಎರಡೂ ಮಗ್ಗುಲು ಸಾಗವಾನಿಯ ಹಲಗೆ. ಮುಂದೆ ಒಂದೇ ಹಿಡಿಕೆ, ಅದನ್ನು ಒತ್ತಿದರೆ ಹಿಂದಿನ ತುದಿಯೂ ಅಲುಗಬಾರದು. ಒಮ್ಮೆಯೂ ಅಳಿಸದೆ ಬರೆದರು.

“ಮೊದಲ ಎಲ್ಲ್ಯರ ಮಾಡ್ಸೀರೇನ್ರಿ ಅಜ್ಜಾರ?” ಎಂದು ಆ ಶೆಡ್ಡಿನವರು ಕೇಳಿದರು.

“ತಲ್ಯಾಗ ಮಾಡ್ಸೇನಿ” ಎಂದರು ಚಾಚಾ.

ಒಡ್ಡು ಬಂದ ದಿನ ಶೆಡ್ಡಿನ ಬೇರೆ ಕೆಲಸವನ್ನೆಲ್ಲ ನಿಲ್ಲಿಸಿದೆವು. ಹಳೆಯದನ್ನು ಬಿಚ್ಚುವಾಗ ಚಾಚಾ ಯಾರಿಗೂ ಕೈ ಹಚ್ಚಗೊಡಲಿಲ್ಲ. ನಮ್ಮ ಮೇಜಿನ ಅಂಚಿನಲ್ಲಿ ಬೋಲ್ಟಿನ ತೂತುಗಳಿವೆ. ಮಿಲ್ಲಿನಲ್ಲಿದ್ದಾಗ ಯಾರೋ ಅವಸರದಲ್ಲಿ ಕೊರೆದದ್ದಕ್ಕೆ ಅವುಗಳಲ್ಲಿ ಒಂದು ತೂತು ಸಾಲು ತಪ್ಪಿ ಕೆಳಗಿದೆ. ಹೊಸ ಕೊಳವೆಗೂ ಅದೇ ಸೊಟ್ಟ ಜಾಗದಲ್ಲೇ ತೂತು ಬೇಕಾಯಿತು. ಬೋಲ್ಟು ಹಾಕಿ, ಬಿಗಿದು, ಸಡಿಲಿಸಿ, ಮತ್ತೆ ಬಿಗಿದು, ಮಧ್ಯಾಹ್ನವಾಯಿತು. ಅವರ ಕಣ್ಣಿನ ಬದಲು ನನ್ನ ಕಣ್ಣು. ಮೇಜಿನ ಮೇಲೆ ಗರಗಸಕ್ಕೆ ಸಮಾನಾಂತರವಾಗಿ ಕೊರೆದ ಕಾಲುವೆಯಲ್ಲಿ ಒಂದು ಕಟ್ಟಿಗೆಯ ತುಂಡನ್ನು ಜಾರಿಸುತ್ತ, ಒಡ್ಡಿಗೂ ಅದಕ್ಕೂ ನಡುವಿನ ಸಂದನ್ನು ನಾನು ನೋಡಿ ಹೇಳಬೇಕು.

“ಹಿಂದ ಎಷ್ಟೈತ್ರಿ?”

“ಸರಿ ಐತಿ ಚಾಚಾ.”

“ಸರಿ ಇರಬಾರದ್ರಿ. ಹಿಂದ ಒಂದು ಕಾಗದ ಹೋಗೂವಷ್ಟ ಸಡ್ಲ ಬಿಡಬೇಕು. ಕಟಿಗಿಗೆ ಉಸರಾಡಾಕ ಜಾಗಾ ಬೇಕು.”

ಕಾಗದ ಹೋಗುವಷ್ಟು ಬಿಟ್ಟೆವು. ಯಂತ್ರ ಶುರು ಮಾಡಿದರು. ಉದ್ದನೆಯ ಸಾಗವಾನಿ ಹಲಗೆಯೊಂದನ್ನು ಒಡ್ಡಿಗೆ ಹಚ್ಚಿ ನೂಕಿದರು. ಹಲಗೆ ಒಂದೇ ಸದ್ದಿನಲ್ಲಿ, ಎಲ್ಲೂ ತಡವರಿಸದೆ, ಆ ಕಡೆ ಹೋಯಿತು. ಸೀಳಿದ ಅಂಚು ಗಾಜಿನಂತೆ ನುಣುಪಾಗಿತ್ತು. ಎಲ್ಲರೂ ಕೈ ಆಡಿಸಿ ನೋಡಿ ನಕ್ಕರು. ಚಾಚಾ ಕೂಡ ಅಂಚಿನ ಉದ್ದಕ್ಕೂ ಅಂಗೈ ಸವರಿದರು. ಅಭ್ಯಾಸಬಲದಿಂದ ಮೇಜಿನ ಹಿಂದಕ್ಕೆ ಹೋದರು. ತಟ್ಟಲು ಅಲ್ಲಿ ಏನೂ ಇರಲಿಲ್ಲ. ಕೈಯನ್ನು ಅಂಗಿಗೆ ಒರೆಸಿಕೊಂಡು ಈಚೆಗೆ ಬಂದರು.

“ಇನ್ನ ಯಾರ ಬೇಕಾದ್ರೂ ಮಾಡ್ತಾರ ನೋಡ್ರಿ” ಎಂದರು.

ಹೌದು ಎಂದೆ. ಮನೆಗೆ ಕಳಿಸುವವಳು ನಾನೇ, ಕಣ್ಣು ಒರೆಸಿಕೊಳ್ಳುವವಳೂ ನಾನೇ. ಸಂಜೆ ಚಹಾ ಆಯಿತು. ಅವರು ಯಂತ್ರದ ಹತ್ತಿರ ಹೋಗಿ ‘ಬರ್ತೇನ್ರಿ’ ಅಂದರು. ಆಮೇಲೆ ನನಗೂ ‘ಬರ್ತೇನ್ರಿ ಅಕ್ಕಾರ’ ಅಂದರು. ನಮ್ಮಲ್ಲಿ ಹೋಗುವವರು ಯಾರೂ ಹೋಗುತ್ತೇನೆ ಅನ್ನುವುದಿಲ್ಲ, ಎಲ್ಲರೂ ಬರುತ್ತೇನೆ ಎಂದೇ ಹೋಗುತ್ತಾರೆ. ಅದು ನನಗೆ ಗೊತ್ತಿಲ್ಲವೆ. ಆದರೂ ಆಮೇಲೆ ಎಷ್ಟೋ ದಿನ, ನಾಲ್ಕು ಗಂಟೆಯ ಹೊತ್ತಿಗೆ ಬಾಗಿಲ ಕಡೆ ನೋಡಿದ್ದೇನೆ.

ರಮಜಾನಿನ ಹಬ್ಬಕ್ಕೆ ಸುರಕುಂಬಾ ಪಾಯಸದ ಡಬ್ಬಿ ಹಿಡಿದು ಬಂದರು. ಅತ್ತರು ಜೋರಾಗಿತ್ತು. ಒಳಗೆ ಬನ್ನಿ ಎಂದರೆ ಹೊರಗೇ ನಿಂತರು. ಯಂತ್ರ ನಡೆಯುತ್ತಿತ್ತು, ಬೇರೆಯವರು ಸೀಳುತ್ತಿದ್ದರು. ತಲೆ ಒಂದು ಕಡೆ ವಾಲಿಸಿ ಅದರ ಸದ್ದು ಕೇಳಿದರು.

“ಮಧ್ಯಾಹ್ನ ಮನಿ ಹೆಂಗ ಇರ್ತದ ಚಾಚಾ?” ಎಂದು ಕೇಳಿದೆ.

“ಭಾಳ ಛಲೋ ಇರ್ತದರಿ. ಅಡಗಿಮನಿ ಕಿಡಕಿಯಿಂದ ಬಿಸಲ ಬಂದು ಹಾಸಗಿತನಕ ಹೋಗ್ತದ. ಅದು ಹೋಗೂದ ನೋಡ್ಕೋತ ನಾವಿಬ್ರೂ ಕುಂದರ್ತೇವಿ.”

ಅವರು ನಿಜವಾಗಿ ಸುಖವಾಗಿದ್ದರು. ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ.

ಅಂಥ ಒಂದು ಮಧ್ಯಾಹ್ನವೇ, ಉಂಡು ಮಲಗಿದವರು ಏಳಲಿಲ್ಲವಂತೆ. ಮಣ್ಣಿಗೆ ನಮ್ಮ ಯಜಮಾನರು ಹೋಗಿ ಬಂದರು. ನಲವತ್ತನೆಯ ದಿನದ ಕಾರ್ಯ ಮುಗಿದ ಮೇಲೆ ನಾನೊಬ್ಬಳೇ ಹಳೇ ಹುಬ್ಬಳ್ಳಿಯ ಅವರ ಮನೆಗೆ ಹೋದೆ. ಚಾಚಿ, ಅಂದರೆ ಅವರ ಹೆಂಡತಿ, ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದರು. ಒಳಗೆ ಕರೆದು ಮಂಚದ ಮೇಲೆ ಕೂಡಿಸಿ ಚಹಾ ಕೊಟ್ಟರು. ಚಾಚಾ ಬಗ್ಗೆ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಮೊಮ್ಮಕ್ಕಳು, ಮಂಡಿನೋವು, ನೀರು ಯಾವಾಗ ಬರುತ್ತದೆ, ಇಂಥವೇ. ಏಳಬೇಕು ಅನ್ನುವಾಗ ಚಾಚಿ ನನ್ನನ್ನು ತಡೆದರು.

“ತುಸು ಕಾಲ ಮ್ಯಾಲ ತುಗ್ರಿ ಅಕ್ಕಾರ. ನಿಮಗೊಂದು ತೋರಸಬೇಕು.”

ಬಗ್ಗಿ ಮಂಚದ ಕೆಳಗಿನಿಂದ ಏನನ್ನೋ ಎಳೆಯತೊಡಗಿದರು. ಭಾರವಿತ್ತು, ನಾನೂ ಕೈ ಹಾಕಿದೆ. ಹಳೆಯ ಲುಂಗಿಯಲ್ಲಿ ಸುತ್ತಿದ್ದ ಉದ್ದನೆಯ ಸಾಮಾನು. ಬಿಚ್ಚಿದರೆ ಕೆಂಪು ಬಣ್ಣ ಹೊಡೆದ ಚೌಕ ಕೊಳವೆ. ಅದರ ಜೊತೆ ಕಾಟಕೋನದ ಪಟ್ಟಿ, ಎರಡೂ ಮಗ್ಗುಲಿಗೆ ಸಾಗವಾನಿಯ ಹಲಗೆ, ಮುಂದೆ ಒಂದು ಹಿಡಿಕೆ. ನಮ್ಮ ಶೆಡ್ಡಿನಲ್ಲಿರುವಂಥದೇ ಒಡ್ಡು. ಕೊಳವೆಯಲ್ಲಿ ಬೋಲ್ಟಿನ ತೂತುಗಳಿದ್ದವು, ನಮ್ಮ ಮೇಜಿನಲ್ಲಿದ್ದಂತೆಯೇ ಒಂದು ಮಾತ್ರ ಸಾಲು ತಪ್ಪಿ ಕೆಳಗಿತ್ತು.

“ಇದು ಯಾವಾಗಿಂದ್ರಿ?”

“ನೀವು ಬೇಲೂರಾಗ ಮಾಡ್ಸಿದ್ರಲ್ರಿ, ಅದಕ್ಕೂ ಭಾಳ ಮೊದ್ಲಿಂದು. ಸಣ್ಣ ಮಗಳ ಮದಿವಿ ಆತು, ಆಮ್ಯಾಲ ಓಣ್ಯಾಗಿನ ವೆಲ್ಡಿಂಗ್ ಅಂಗಡ್ಯಾಗ ತಾವ ಕುಂತು ಮಾಡ್ಸಿದ್ರು. ಇದನ್ನ ಒಯ್ದು ಹಾಕೂದು, ಅವತ್ತ ಕೆಲಸ ಬಿಡೂದು ಅಂದಿದ್ರು.”

“ಮತ್ತ ಯಾಕ ತರ್ಲಿಲ್ಲರಿ?”

“ನಾನೂ ಅದನ್ನ ಕೇಳ್ತಿದ್ದೆ. ನಾಳಿಗೆ ಒಯ್ತೇನಿ ಅಂತಿದ್ರು. ಆಮ್ಯಾಲ ಅಕ್ಕಾರ ಇನ್ನೂ ಹೂಂ ಅಂದಿಲ್ಲ ಅಂತಿದ್ರು. ಕಡಿಕ ನಾ ಕೇಳೂದ ಬಿಟ್ಟೆ.”

ನನಗೆ ಮೊದಲು ಆದದ್ದು ಸಂತೋಷ. ಚಾಚಾ ಅವರನ್ನು ಹಿಡಿದಿಟ್ಟುಕೊಂಡವಳು ನಾನೊಬ್ಬಳೇ ಎಂದು ಇಷ್ಟು ವರ್ಷ ತಿಳಿದಿದ್ದೆ. ಒಡ್ಡು ಸಿದ್ಧವಾಗಿ ಮಂಚದ ಕೆಳಗಿರುವಾಗ ಅವರು ಬಂದು ‘ಒಡ್ಡು ಏನಾತ್ರಿ’ ಎಂದು ಕೇಳುತ್ತಿದ್ದರು, ನಾನು ಮಳೆಗಾಲ ಮುಗಿಯಲಿ ಎನ್ನುತ್ತಿದ್ದೆ, ಅವರು ಅಷ್ಟಕ್ಕೇ ಸಮಾಧಾನಪಟ್ಟು ಎದ್ದು ಹೋಗುತ್ತಿದ್ದರು. ಅವರಿಗೂ ನಮ್ಮ ಶೆಡ್ಡು ಬಿಡಲು ಮನಸ್ಸಿರಲಿಲ್ಲ. ಆಮೇಲೆ ಎದುರಿಗೆ ಕುಳಿತವರ ಮುಖ ನೋಡಿದೆ. ಅಷ್ಟೂ ವರ್ಷ ಈ ಒಡ್ಡಿನ ಸುತ್ತ ಕಸ ಗುಡಿಸಿ, ಇದೇ ಮಂಚದ ಪಕ್ಕ ಒಬ್ಬರೇ ಕುಳಿತು ಉಂಡವರು ಅವರು.

“ನಿಮಗ ಸಿಟ್ಟ ಬರ್ಲಿಲ್ಲೇನ್ರಿ ಚಾಚಿ?”

“ಬಂತ್ರಿ, ಯಾಕ ಬರ್ಲಿಕ್ಕಿಲ್ಲ. ಆದ್ರ ದಿನಾ ಸಂಜಿಕೆ ನಕ್ಕೋತ ಬರ್ತಿದ್ರು. ಆ ಮಾರಿ ನೋಡಿದ್ಮ್ಯಾಲ ಏನ್ ಬೈಯೂದ್ರಿ.”

ಚಾಚಿ ಸೆರಗಿನಿಂದ ಕೊಳವೆಯ ಮೇಲಿನ ದೂಳು ಒರೆಸಿದರು. ಮನೆಯಲ್ಲಿ ಜಾಗ ಇಕ್ಕಟ್ಟು, ಅವರಿಗೆ ಮಂಡಿನೋವು ಬೇರೆ, ಇದನ್ನು ಎಡವುತ್ತ ಯಾಕೆ ಇಟ್ಟುಕೊಳ್ಳಬೇಕು ಅನ್ನಿಸಿತು. ನನ್ನ ಆಸೆಯೂ ಅದರಲ್ಲಿತ್ತು. ಚಾಚಾ ಅವರ ಕೈಯ ಒಂದು ಸಾಮಾನು ಶೆಡ್ಡಿನಲ್ಲಿರಲಿ ಎಂಬ ಆಸೆ.

“ಇದನ್ನ ನಾ ಶೆಡ್ಡಿಗೆ ಒಯ್ಯಲೇನ್ರಿ?” ಎಂದೆ.

“ಬ್ಯಾಡ್ರಿ ಅಕ್ಕಾರ” ಎಂದರು ಚಾಚಿ, ಕೊಳವೆಯ ಮೇಲಿನ ಕೈ ತೆಗೆಯದೆ. “ಇರ್ಲಿ ಇಲ್ಲೇ. ಇದು ಮಂಚದ ಬುಡಕ ಇದ್ದಷ್ಟ ದಿನಾ ಅವರು ಮುಂಜಾನೆ ಹೋದ್ರೂ ಸಂಜಿಕೆ ಮನಿಗೆ ಬರ್ತಿದ್ರು. ಇದು ಅಲ್ಲೇ ಇದ್ರ ಇವತ್ತೂ ಬರ್ತಾರ ಅನಸ್ತದ.”

ಲುಂಗಿಯನ್ನು ಮತ್ತೆ ಸುತ್ತಿದೆವು. ಒಂದು ತುದಿ ಅವರು, ಇನ್ನೊಂದು ತುದಿ ನಾನು ಹಿಡಿದು, ಅದನ್ನು ಮಂಚದ ಕೆಳಗೆ ಒಳಗೊಳಗೆ ಸರಿಸಿದೆವು.